ಗಣಕಯಂತ್ರಕ್ಕೊಂದು ಪುಟ್ಟ ಆಂಪ್ಲಿಫೈಯರ್

ಹಿರಿಯರು ಮನೆಯಲ್ಲಿ ಬಿಟ್ಟುಹೋಗುವ ಆಸ್ತಿಯೆಂದರೆ ಗದ್ದೆ ತೋಟಗಳು, ತಾಮ್ರ ಹಿತ್ತಾಳೆಯ ಪಾತ್ರೆಗಳು, ನಾಲ್ಕಾರು ತಾಳೆಯೋಲೆಯ ಗ್ರಂಥಗಳು ಎಂದು ನಮ್ಮ ಅಜ್ಜಂದಿರ ಕಾಲದಲ್ಲಿ ಎಣಿಸುತ್ತಿದ್ದರು. ಅವರ ಧ್ವನಿಯು ಮಾತ್ರ ಅವರೊಡನೆಯೇ ಹೊರಟುಹೋಗುತ್ತಿದ್ದಿತು. 1963ರಲ್ಲಿ ಫಿಲಿಪ್ಸ್ ಸಂಸ್ಥೆಯವರು ಕ್ಯಾಸೆಟ್ಟನ್ನು ಹೊರತಂದ ಬಳಿಕ ಅದು ಕಾಲಕ್ರಮದಲ್ಲಿ ಮಲೆನಾಡಿನ ಮೂಲೆಮೂಲೆಗೂ ಬಂದು, ಧ್ವನಿಯೂ ಆಸ್ತಿಯ ಪಟ್ಟಿಯಲ್ಲಿ ಸೇರಿತು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಎಷ್ಟೋ ಮನೆಗಳ ಅಟ್ಟದ ಮೇಲೆ ಇಂದಿಗೂ ಕ್ಯಾಸೆಟ್ಟಿನ ಪೆಟ್ಟಿಗೆಗಳಿರುವುವು. 1990ರಲ್ಲಿ ಅಕಾಲಮರಣವನ್ನು ಹೊಂದಿದ ಗುಂಡ್ಮಿ ಕಾಳಿಂಗ ನಾವಡರ ಭಾಗವತಿಕೆ, ತಾಳಮದ್ದಲೆಯ ವಾದಗಳು, ಮದುವೆಮನೆಯ ಹಾಡುಗಳು, ಶ್ರಾವಣದ ಭಾರತವಾಚನ, ಇವೆಲ್ಲವೂ ಅಲ್ಲಿ ಬೂಷ್ಟು ಹಿಡಿಯುತ್ತ ಮಲಗಿರುವುವು.

ಈಗ ಮನೆಯ ಹುಡುಗರು ಇವನ್ನು ಗಣಕಯಂತ್ರಕ್ಕೆ ಇಳಿಸಿ ಉಳಿಸುತ್ತಿರುವುದು ಬಹಳ ಮೆಚ್ಚತಕ್ಕ ಕಾರ್ಯವು. ಆದರೆ ಹಾಗೆ ಉಳಿಸಿದುದನ್ನು ಕೇಳುವುದು ಹೇಗೆ? ಗಣಕದೊಡನೆ ಬರುವ ಅಂಗೈಯಷ್ಟಗಲದ ಸ್ಪೀಕರಿನಲ್ಲಿ ಕೇಳಿದರೆ ಮದ್ದಲೆಯು ತಗಡಿನ ಡಬ್ಬಿಯಾಗುವುದು, ಚಂಡೆಯು ಚಿಟಿಕೆಯಾಗುವುದು. ಆದಕಾರಣ ಮೇಜಿನ ಮೇಲಿಡಬಹುದಾದ ಒಂದು ಚಿಕ್ಕ ಸ್ಟೀರಿಯೋ ಆಂಪ್ಲಿಫೈಯರನ್ನು ಗೃಹಸ್ಥನು ಹೇಗೆ ಆರಿಸಿಕೊಳ್ಳಬೇಕೆಂಬುದನ್ನು ನನ್ನ ಅನುಭವದ ಮೇಲಿಂದ ವಾಚಕರಿಗೆ ಅರಿಕೆ ಮಾಡುವೆನು. ‘ಧ್ವನಿವರ್ಧಕ’ವೆಂಬ ನಮ್ಮ ಮಾತು ರೂಢಿಯಲ್ಲಿ ಸ್ಪೀಕರಿಗೆ ಸಂದುಹೋಗಿರುವುದರಿಂದ ನಾನು ಅಂಗಡಿಯವರು ಹೇಳುವಂತೆ ಆಂಪ್ಲಿಫೈಯರ್ ಎಂದೇ ಬರೆಯುವೆನು.

ನಾನು ಸಂಸ್ಕೃತ ಪಾಠ ಹೇಳಿ ನಿವೃತ್ತನಾದವನು, ಯಂತ್ರವಿದ್ಯೆ ಕಲಿತವನಲ್ಲ. ಈ ವಿಷಯಕ್ಕೆ ನನ್ನನ್ನು ಎಳೆದು ತಂದವರು ಎಂಬತ್ತನಾಲ್ಕು ವರ್ಷದ ನನ್ನ ತಾಯಿಯವರು. ಹೊಸನಗರ ತಾಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ ತೀರ್ಥರೂಪರು ಪ್ರತಿ ಶ್ರಾವಣದಲ್ಲಿಯೂ ಕುಮಾರವ್ಯಾಸನ ಭಾರತವನ್ನು ಓದುತ್ತಿದ್ದರು. 1986ರ ಶ್ರಾವಣದಲ್ಲಿ ಯಾರದೋ ಟೇಪ್‌ರೆಕಾರ್ಡರನ್ನು ಎರವಲು ತಂದು ಆರು ಕ್ಯಾಸೆಟ್ಟುಗಳಷ್ಟು ಓದನ್ನು ಹಿಡಿದಿಟ್ಟೆವು. ಎರಡು ವರ್ಷಗಳಲ್ಲಿ ಅವರು ತೀರಿಕೊಂಡರು. ತೀರ್ಥಹಳ್ಳಿಯಲ್ಲಿರುವ ಅಕ್ಕನ ಮಗನು ಕಳೆದ ವರ್ಷ ಆ ಆರನ್ನೂ ಗಣಕಕ್ಕೆ ಇಳಿಸಿಕೊಟ್ಟನು. ಸಾಗರದ ನಮ್ಮ ಮನೆಯಲ್ಲಿ ತಾಯಿಯವರನ್ನು ಮೇಜಿನೆದುರು ಕುಳ್ಳಿರಿಸಿ ಬಹಳ ಸಂಭ್ರಮದಿಂದ ಹಾಕಿದೆನು. ಅವರು ಸ್ವಲ್ಪ ಹೊತ್ತು ಕೇಳಿ, “ಇದು ನಿನ್ನ ಅಪ್ಪಯ್ಯನ ದನಿ ಅಲ್ಲವೋ. ಯಾರೋ ಡಬ್ಬಿಯೊಳಗೆ ಕೂತು ಓದಿದ ಹಾಗಿದೆ” ಎಂದು ಹೇಳಿ ಎದ್ದು ಒಳಗೆ ಹೋದರು.

ಆ ಮಾತು ನನಗೆ ನಾಟಿತು. ಮರುದಿನವೇ ಪೇಟೆಗೆ ಹೋಗಿ, ಪೆಟ್ಟಿಗೆಯ ಮೇಲೆ ‘1200 ವಾಟ್’ ಎಂದು ಮುದ್ರಿಸಿದ್ದ, ನೀಲಿ ದೀಪ ಮಿಣುಕುವ ಒಂದು ಆಂಪ್ಲಿಫೈಯರನ್ನೂ ಎರಡು ಸ್ಪೀಕರುಗಳನ್ನೂ ಕೊಂಡುತಂದೆನು. ಮನೆಗೆ ತಂದು ಜೋಡಿಸಿದರೆ ಗದ್ದಲವೇನೋ ಹೆಚ್ಚಿತು. ತಾಯಿಯವರು, “ದನಿ ದೊಡ್ಡದಾಯಿತು, ಅಕ್ಷರ ತಿಳಿಯುವುದಿಲ್ಲ” ಎಂದರು. ಓದು ನಿಂತ ಕಡೆಯಲ್ಲೆಲ್ಲ ದುಂಬಿ ಮೊರೆಯುವಂತೆ ಒಂದು ಗುಂಯ್‌ಗುಟ್ಟುವಿಕೆ ಬೇರೆ. ಅಂಗಡಿಯವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ವಿಚಾರಿಸದೆ ಕೊಂಡ ದೋಷವು ನನ್ನದೇ ಎಂದು ಸುಮ್ಮನಾಗಿ, ಈ ವಿದ್ಯೆಯ ಮೂಲವನ್ನು ತಿಳಿಯಬೇಕೆಂದು ಕುಳಿತೆನು.

ಪಾಣಿನೀಯ ಶಿಕ್ಷೆಯಲ್ಲಿ ಉತ್ತಮ ಪಾಠಕನ ಆರು ಗುಣಗಳನ್ನು ಹೇಳಿದೆ. ಮಾಧುರ್ಯ, ಅಕ್ಷರವ್ಯಕ್ತಿ, ಪದಚ್ಛೇದ ಮೊದಲಾದುವು ಅಲ್ಲಿರುವುವು. ಗಟ್ಟಿಯಾಗಿ ಕೂಗುವುದೆಂಬ ಗುಣವು ಅಲ್ಲಿಲ್ಲ. ಅಧಮ ಪಾಠಕರ ಪಟ್ಟಿಯಲ್ಲಿ ಅಲ್ಪಕಂಠನಿಗೂ ಸ್ಥಾನವುಂಟು. ಅಂದರೆ ಸಾಕಷ್ಟು ಕಂಠಬಲವಿರಬೇಕು ನಿಜ, ಆದರೆ ಬಲವೇ ಗುಣವಲ್ಲ. ಆಂಪ್ಲಿಫೈಯರೂ ಒಬ್ಬ ಪಾಠಕನೇ. ಗಣಕವು ಕೊಟ್ಟ ಕ್ಷೀಣವಾದ ವಿದ್ಯುತ್ಸಂಜ್ಞೆಯನ್ನು, ಅದರ ಆಕಾರವನ್ನು ಕೆಡಿಸದೆ, ಸ್ಪೀಕರಿನ ಪರದೆಯನ್ನು ಅಲುಗಾಡಿಸುವಷ್ಟು ಬಲಪಡಿಸಿ ಓದಿ ಹೇಳುವುದೇ ಅದರ ಕರ್ತವ್ಯವು. ಈ ದೃಷ್ಟಿಯಿಂದ ನೋಡಿದರೆ ಆರಿಸುವ ಕೆಲಸವು ಸುಲಭವಾಗುವುದು.

ಮೊದಲನೆಯ ಪ್ರಶ್ನೆಯು, ನಮಗೆ ಆಂಪ್ಲಿಫೈಯರ್ ಬೇಕೇ ಎಂಬುದು. ಕೆಲವು ಸ್ಪೀಕರುಗಳ ಹೊಟ್ಟೆಯೊಳಗೇ ಆಂಪ್ಲಿಫೈಯರ್ ಇರುವುದು. ಅಂಥವಕ್ಕೆ ಗೋಡೆಯ ವಿದ್ಯುತ್ತಿನ ತಂತಿಯನ್ನು ಸಿಕ್ಕಿಸಬೇಕಾಗುವುದರಿಂದ ಸುಲಭವಾಗಿ ಗುರುತಿಸಬಹುದು. ಅಂಥವುಗಳನ್ನು ನೇರವಾಗಿ ಗಣಕಕ್ಕೆ ಜೋಡಿಸಿದರೆ ಸಾಕು. ಬೆನ್ನಿನಲ್ಲಿ ಕೆಂಪು ಕಪ್ಪು ತಿರುಪುಗಳು ಮಾತ್ರವಿರುವ ಸ್ಪೀಕರಾದರೆ ಆಂಪ್ಲಿಫೈಯರ್ ಬೇಕೇಬೇಕು. ಮನೆಯಲ್ಲಿ ಹಳೆಯ ಒಳ್ಳೆಯ ಸ್ಪೀಕರಿನ ಜೋಡಿಯೊಂದು ಇದ್ದವರು ಪುಟ್ಟ ಆಂಪ್ಲಿಫೈಯರನ್ನಷ್ಟೇ ಕೊಂಡು ಅದಕ್ಕೆ ಮರುಜೀವ ಕೊಡುವುದು ಮಿತವ್ಯಯದ ಮಾರ್ಗವು. ಎರಡನ್ನೂ ಹೊಸದಾಗಿ ಕೊಳ್ಳುವವರು ಹಣದ ಹೆಚ್ಚಿನ ಪಾಲನ್ನು ಸ್ಪೀಕರಿಗೇ ಮೀಸಲಿಡಬೇಕು. ಏಕೆಂದರೆ ಗಂಡಸಿನ ಕಂಠದ ಆಧಾರಸ್ವರವು ಸೆಕೆಂಡಿಗೆ ಸುಮಾರು ನೂರು ಕಂಪನಗಳ ಆಸುಪಾಸಿನಲ್ಲಿರುವುದು. ಅಂಗೈಯಗಲದ ಸ್ಪೀಕರು ಆ ಮಂದ್ರವನ್ನು ಹೊರಡಿಸಲಾರದು. ನನ್ನ ತಾಯಿಯವರಿಗೆ ‘ಡಬ್ಬಿಯೊಳಗಿನ ದನಿ’ಯೆಂದು ಕೇಳಿಸಿದುದು ಇದರಿಂದಲೇ.

ಎರಡನೆಯ ಪ್ರಶ್ನೆಯು ಬಲದ್ದು. ಎಷ್ಟು ವಾಟ್ ಬೇಕು? ಸ್ಪೀಕರಿನ ವಿವರಪತ್ರದಲ್ಲಿ ‘86 ಡೆಸಿಬಲ್’ ಎಂಬಂತೆ ಒಂದು ಅಂಕಿಯಿರುವುದು. ಒಂದು ವಾಟ್ ಶಕ್ತಿಯನ್ನು ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಅಷ್ಟು ಶಬ್ದವಾಗುವುದೆಂದು ಅದರ ಅರ್ಥ. ಮೇಜಿನೆದುರು ಕುಳಿತವನ ಕಿವಿಗೂ ಸ್ಪೀಕರಿಗೂ ಇರುವ ದೂರವೂ ಸುಮಾರು ಅಷ್ಟೇ. ನಾವು ಎದುರುಬದುರು ಕುಳಿತು ಮಾತನಾಡುವ ಧ್ವನಿಯು 60 ಡೆಸಿಬಲ್ಲಿನ ಹತ್ತಿರವಿರುವುದು. ಹಾಡನ್ನು ಸಾಕಷ್ಟು ಗಟ್ಟಿಯಾಗಿ, 76 ಡೆಸಿಬಲ್ಲಿನಲ್ಲಿ ಕೇಳುವುದಾದರೆ, ಲೆಕ್ಕದ ಪ್ರಕಾರ ಒಂದು ವಾಟಿನ ಹತ್ತರಲ್ಲಿ ಒಂದು ಪಾಲು ಸಾಕು! ಚಂಡೆಯ ಪೆಟ್ಟು ಬಿದ್ದಾಗ ಶಬ್ದವು ಕ್ಷಣಮಾತ್ರ 20 ಡೆಸಿಬಲ್ ಮೇಲಕ್ಕೆ ನೆಗೆಯುವುದೆಂದು ಇಟ್ಟುಕೊಂಡರೂ ನೂರು ಪಟ್ಟು, ಎಂದರೆ 10 ವಾಟ್ ಸಾಕು. ಆದುದರಿಂದ ಒಂದೊಂದು ಸ್ಪೀಕರಿಗೆ 15ರಿಂದ 25 ನಿಜವಾದ ವಾಟ್ ಇದ್ದರೆ ಮನೆಯ ಮೇಜಿಗೆ ಧಾರಾಳವಾಯಿತು. ನನ್ನ ಬಾಲ್ಯದಲ್ಲಿ ಜಗಲಿಯ ಗೂಡಿನಲ್ಲಿದ್ದ ವಾಲ್ವ್ ರೇಡಿಯೋ ಭದ್ರಾವತಿ ಆಕಾಶವಾಣಿಯನ್ನು ಅಂಗಳದವರೆಗೂ ಕೇಳಿಸುತ್ತಿದ್ದಿತು. ಅಂಥ ರೇಡಿಯೋಗಳ ಬಲವು ಮೂರು ನಾಲ್ಕು ವಾಟ್ ಮಾತ್ರವೇ ಆಗಿದ್ದಿತು.

ವಾಟ್ ಇಮ್ಮಡಿಯಾದರೆ ಶಬ್ದವೂ ಇಮ್ಮಡಿಯಾಗುವುದೆಂಬ ಭ್ರಾಂತಿಯೂ ಸಲ್ಲದು. ಇಮ್ಮಡಿ ಶಕ್ತಿಯಿಂದ ಹೆಚ್ಚುವುದು ಮೂರೇ ಡೆಸಿಬಲ್. ಕಿವಿಗೆ ಇಮ್ಮಡಿಯೆನಿಸಬೇಕಾದರೆ ಶಕ್ತಿಯು ಹತ್ತು ಪಟ್ಟಾಗಬೇಕು. ಐವತ್ತು ವಾಟನ್ನು ಬಿಟ್ಟು ನೂರು ವಾಟಿಗೆ ಹೆಚ್ಚು ಹಣ ಕೊಡುವವನು ಕೊಳ್ಳುವುದು ಅತ್ಯಲ್ಪವೇ ಸರಿ.

ಹಾಗಾದರೆ ‘1200 ವಾಟ್’ ಎಂಬುದೇನು? ಪೆಟ್ಟಿಗೆಗಳ ಮೇಲೆ ‘ಪಿ.ಎಂ.ಪಿ.ಓ.’ ಎಂಬ ಅಕ್ಷರಗಳೊಡನೆ ಕಾಣುವ ಇಂಥ ಅಂಕಿಗಳು ಜಾಹೀರಾತಿನ ಅಲಂಕಾರಗಳು; ಅವುಗಳಿಗೆ ಒಪ್ಪಿತವಾದ ಅಳತೆಗೋಲೇ ಇಲ್ಲ. ‘ಆರ್.ಎಂ.ಎಸ್.’ ಎಂದು ಕೊಟ್ಟ ಅಂಕಿಯನ್ನು ಮಾತ್ರ ಲಕ್ಷ್ಯಕ್ಕೆ ತೆಗೆದುಕೊಳ್ಳಬೇಕು. ಇದಕ್ಕೂ ಮಿಗಿಲಾದ ಪರೀಕ್ಷೆಯೊಂದುಂಟು; ಮೂರನೆಯ ತರಗತಿಯ ಮಗುವೂ ಅದನ್ನು ಮಾಡಬಲ್ಲುದು. ಪುಟ್ಟ ಆಂಪ್ಲಿಫೈಯರುಗಳಿಗೆ ವಿದ್ಯುತ್ತನ್ನು ಒದಗಿಸುವ ಅಡಾಪ್ಟರಿನ ಮೇಲೆ ವೋಲ್ಟ್ ಎಷ್ಟು, ಆಂಪಿಯರ್ ಎಷ್ಟು ಎಂದು ಬರೆದಿರುವುದು. ಎರಡನ್ನೂ ಗುಣಿಸಬೇಕು. ನಾನು ಕೊಂಡುದರ ಅಡಾಪ್ಟರಿನ ಮೇಲೆ 12 ವೋಲ್ಟ್, 2 ಆಂಪಿಯರ್ ಎಂದಿದ್ದಿತು. ಗುಣಲಬ್ಧವು 24 ವಾಟ್. ಇಪ್ಪತ್ತನಾಲ್ಕು ಸೇರು ಹಾಕಿದ ಕಣಜದಿಂದ ಸಾವಿರದ ಇನ್ನೂರು ಸೇರು ಅಳೆಯುವುದು ಹೇಗೆ?

ಇನ್ನೂ ಸೂಕ್ಷ್ಮವಾಗಿ ನೋಡಬೇಕೆಂದರೆ, ಈ ಬಗೆಯ ಆಂಪ್ಲಿಫೈಯರುಗಳಲ್ಲಿ ವೋಲ್ಟನ್ನು ಅದರಿಂದಲೇ ಗುಣಿಸಿ, ಸ್ಪೀಕರಿನ ಓಮ್ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿದರೆ, ಒಂದೊಂದು ಸ್ಪೀಕರಿಗೆ ದೊರೆಯಬಹುದಾದ ಶುದ್ಧ ಶಕ್ತಿಯ ಮೇರೆಯು ಸಿಗುವುದು. 12 ವೋಲ್ಟಿನ ಅಡಾಪ್ಟರಿನಿಂದ 8 ಓಮಿನ ಸ್ಪೀಕರಿಗೆ 144ನ್ನು 16ರಿಂದ ಭಾಗಿಸಿ 9 ವಾಟ್. 24 ವೋಲ್ಟಿನದರಿಂದ 36 ವಾಟ್. ಆದುದರಿಂದ ತಯಾರಕರು ಹೇಳಿರುವ ಮಿತಿಯೊಳಗೆ 19 ಅಥವಾ 24 ವೋಲ್ಟಿನ, ಸಾಕಷ್ಟು ಆಂಪಿಯರ್ ಉಳ್ಳ ಅಡಾಪ್ಟರ್ ಜೊತೆಗಿದ್ದರೆ ಒಳ್ಳೆಯದು.

ಮೂರನೆಯದು ಶುದ್ಧಿಯ ಪ್ರಶ್ನೆ. ಅಕ್ಷರವ್ಯಕ್ತಿಯೆಂಬ ಗುಣವು ಇಲ್ಲಿ ಬರುವುದು. ಆಂಪ್ಲಿಫೈಯರನ್ನು ಅದರ ಶಕ್ತಿಗೆ ಮೀರಿ ದುಡಿಸಿದರೆ ತರಂಗದ ತಲೆಯು ಕತ್ತರಿಸಿಹೋಗಿ ಧ್ವನಿಯು ಒಡಕಲಾಗುವುದು. ಇದರ ಪ್ರಮಾಣವನ್ನು ಶೇಕಡಾ ಲೆಕ್ಕದಲ್ಲಿ ಹೇಳುವರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಟಿಪಿಎ 3116 ಎಂಬ ಚಿಪ್ಪು ಅನೇಕ ಪುಟ್ಟ ಆಂಪ್ಲಿಫೈಯರುಗಳ ಹೃದಯವಾಗಿರುವುದು. ಅದರ ತಯಾರಕರು 50 ವಾಟ್ ಎಂದು ಹೇಳುವಾಗ 21 ವೋಲ್ಟ್ ಕೊಡಬೇಕು, 4 ಓಮಿನ ಸ್ಪೀಕರಿರಬೇಕು ಎಂದು ನಿಯಮವನ್ನೂ ಹೇಳಿರುವರು. ನಿಯಮವನ್ನು ಬಿಟ್ಟು ಅಂಕಿಯನ್ನು ಮಾತ್ರ ಎತ್ತಿಕೊಳ್ಳುವುದು ಸೂತ್ರದ ಅನುವೃತ್ತಿಯನ್ನು ಬಿಟ್ಟು ಅರ್ಥ ಹೇಳಿದಂತೆ. ಶೇಕಡಾ 10ರಷ್ಟು ಕೆಟ್ಟ ಧ್ವನಿಯಲ್ಲಿ ಅಳೆದ ವಾಟಿಗೂ, ಶೇಕಡಾ 0.1ರಲ್ಲಿ ಅಳೆದ ವಾಟಿಗೂ ಬಹಳ ಅಂತರವುಂಟು. ಎರಡನೆಯದನ್ನೇ ಕೇಳಿ ತಿಳಿದುಕೊಳ್ಳಬೇಕು.

ವೃದ್ಧರಿರುವ ಮನೆಯಲ್ಲಿ ಇದು ಇನ್ನೂ ಮುಖ್ಯವು. ಸ್ವರಾಕ್ಷರಗಳ ಬಲವು ಕೆಳಗಿನ ಕಂಪನಗಳಲ್ಲಿಯೂ, ಶ ಷ ಸ ಮೊದಲಾದ ಊಷ್ಮಾಕ್ಷರಗಳ ಬಲವು ಹೆಚ್ಚಾಗಿ ಮೇಲಿನ ಕಂಪನಗಳಲ್ಲಿಯೂ ಇರುವುದು. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಈ ಮೇಲಿನ ಕಂಪನಗಳನ್ನೇ. “ದನಿ ಕೇಳುತ್ತದೆ, ಅಕ್ಷರ ತಿಳಿಯುವುದಿಲ್ಲ” ಎಂದು ನನ್ನ ತಾಯಿಯವರು ಹೇಳಿದ ಮಾತು ಶಾಸ್ತ್ರಸಮ್ಮತವಾದುದೆಂದು ನನಗೆ ಆಗ ತಿಳಿದುಬಂದಿತು. ಅಂಥವರಿಗೆ ಗದ್ದಲವನ್ನು ಹೆಚ್ಚಿಸಿ ಫಲವಿಲ್ಲ. ‘ಟ್ರೆಬಲ್’ ಎಂಬ ತಿರುಗುಗುಂಡಿಯಿರುವ ಆಂಪ್ಲಿಫೈಯರನ್ನು ಕೊಂಡು ಅದನ್ನು ಸ್ವಲ್ಪ ಏರಿಸಿ, ‘ಬಾಸ್’ ಎಂಬುದನ್ನು ಮಿತದಲ್ಲಿಟ್ಟರೆ ಎಷ್ಟೋ ಉಪಕಾರವಾಗುವುದು. ಯುವಕರಾದರೂ 80 ಡೆಸಿಬಲ್ಲಿನಲ್ಲಿ ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಎಚ್ಚರಿಸಿರುವರು.

ನಾಲ್ಕನೆಯದು ಗಣಕಕ್ಕೂ ಆಂಪ್ಲಿಫೈಯರಿಗೂ ನಡುವಣ ಸೇತುವೆ. ಗಣಕದೊಳಗೆ ಧ್ವನಿಯು ಅಂಕೆಗಳ ರೂಪದಲ್ಲಿರುವುದು, ಸಿ.ಡಿ.ಯಲ್ಲಿ ಒಂದು ಸೆಕೆಂಡಿಗೆ 44,100 ಅಳತೆಗಳು. ಆ ಅಂಕೆಗಳನ್ನು ಮತ್ತೆ ತರಂಗವಾಗಿಸುವ ಸಾಧನಕ್ಕೆ ‘ಡ್ಯಾಕ್’ ಎಂದು ಹೆಸರು. ಎಲ್ಲ ಗಣಕದೊಳಗೂ ಅದು ಇರುವುದಾದರೂ, ಕೆಲವು ಗಣಕಗಳಲ್ಲಿ ಮೌಸನ್ನು ಅಲುಗಿಸಿದರೂ ಸ್ಪೀಕರಿನಲ್ಲಿ ಚರಚರ ಸದ್ದು ಕೇಳುವುದು. ಅಂಥ ಕಡೆ ಯು.ಎಸ್.ಬಿ. ಮುಖಾಂತರ ಜೋಡಿಸುವ ಪ್ರತ್ಯೇಕ ಡ್ಯಾಕನ್ನೋ, ಅದನ್ನು ತನ್ನೊಳಗೇ ಹೊಂದಿರುವ ಆಂಪ್ಲಿಫೈಯರನ್ನೋ ತೆಗೆದುಕೊಳ್ಳಬಹುದು. ಹಳೆಯ ಕ್ಯಾಸೆಟ್ಟನ್ನು ಕೇಳುವುದಕ್ಕಾಗಿ ಅತ್ಯಂತ ಬೆಲೆಯುಳ್ಳ ಡ್ಯಾಕ್ ಬೇಕಿಲ್ಲ. ಕ್ಯಾಸೆಟ್ಟಿನ ಧ್ವನಿಯು ಸಿ.ಡಿ.ಯ ಮಟ್ಟವನ್ನೂ ಮುಟ್ಟದು.

ಗುಂಯ್‌ಗುಟ್ಟುವ ಸದ್ದಿನ ಕಾರಣವು ಬೇರೆ. ನಮ್ಮ ದೇಶದ ಮನೆವಿದ್ಯುತ್ತು 230 ವೋಲ್ಟಿನದು, ಸೆಕೆಂಡಿಗೆ 50 ಆವರ್ತನಗಳದು. ಅರ್ಥಿಂಗ್ ಸರಿಯಿಲ್ಲದಿದ್ದರೆ, ಅಥವಾ ಗಣಕವೂ ಆಂಪ್ಲಿಫೈಯರೂ ಬೇರೆ ಬೇರೆ ಕಡೆ ನೆಲಕ್ಕೆ ಸಂಬಂಧ ಹೊಂದಿದ್ದರೆ, ಆ ಆವರ್ತನವೇ ಧ್ವನಿಯೊಳಗೆ ನುಸುಳಿ ಮೊರೆಯುವುದು. ಎರಡನ್ನೂ ಒಂದೇ ಹಲಗೆಯ ಮೂರು ಕಣ್ಣಿನ ಸಾಕೆಟ್ಟಿಗೆ ಸಿಕ್ಕಿಸಿ ನೋಡಬೇಕು. ಹಾಗೂ ನಿಲ್ಲದಿದ್ದರೆ ಬೆಳಕಿನ ಮೂಲಕ ಸಂಜ್ಞೆಯನ್ನು ಸಾಗಿಸುವ ‘ಆಪ್ಟಿಕಲ್’ ತಂತಿಯ ವ್ಯವಸ್ಥೆಯುಳ್ಳ ಡ್ಯಾಕು ಸಹಾಯಕವು. ಸದ್ದು ನಿಲ್ಲಲೆಂದು ಪ್ಲಗ್ಗಿನ ದಪ್ಪ ಕಡ್ಡಿಯನ್ನು ಕಿತ್ತುಹಾಕುವ ಉಪಾಯವನ್ನು ಯಾರಾದರೂ ಹೇಳಿದರೆ ಖಂಡಿತ ಕೇಳಬಾರದು. ಪ್ರಾಣವನ್ನು ಕಾಯುವ ಕಡ್ಡಿಯು ಅದು. ನಮ್ಮ ಮನೆಯಲ್ಲಿ ವಿಚಾರಿಸಿದಾಗ, ಅರ್ಥಿಂಗಿನ ಗುಂಡಿಯು ಒಣಗಿ ವರ್ಷಗಳಾಗಿದ್ದುವೆಂದು ಗೊತ್ತಾಯಿತು. ವಯರ್‌ಮನ್ನನನ್ನು ಕರೆಸಿ ಅದನ್ನು ಸರಿಪಡಿಸಿದೊಡನೆ ದುಂಬಿಯು ಹಾರಿಹೋಯಿತು.

ಇನ್ನು ನಮ್ಮ ಸೀಮೆಗೇ ವಿಶೇಷವಾದ ಎರಡು ಮಾತುಗಳುಂಟು. ಜೋಗದ ವಿದ್ಯುದಾಗಾರವು 1948ರಲ್ಲಿ ಕೆಲಸಮಾಡತೊಡಗಿತು, 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು. ನಾಡಿಗೆ ಬೆಳಕನ್ನು ಕೊಟ್ಟ ಶರಾವತಿಯ ದಂಡೆಯವರಾದರೂ, ಮಳೆಗಾಳಿಗೆ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ನಾವು ಹಣತೆಯ ಬೆಳಕಿನಲ್ಲಿಯೇ ಕೂಡಬೇಕು. ವೋಲ್ಟೇಜು ಏರಿಳಿಯುವ ಊರಿನವರು 100ರಿಂದ 240 ವೋಲ್ಟಿನವರೆಗೆ ಸಹಿಸುವುದೆಂದು ಬರೆದಿರುವ ಅಡಾಪ್ಟರನ್ನೇ ಆರಿಸಬೇಕು. ಸಿಡಿಲಿನ ವಿಷಯದಲ್ಲಿ ಸ್ವಿಚ್ಚನ್ನು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಗಣಕಕ್ಕೆ ಬರುವ ಟೆಲಿಫೋನಿನ ತಾಮ್ರದ ತಂತಿಯಿದ್ದರೆ ಅದನ್ನೂ ಬಿಡಿಸಬೇಕು. ಅಕ್ಕನ ಮನೆಯಲ್ಲಿ ಮೇ ತಿಂಗಳ ಒಂದು ಸಂಜೆ ಸ್ವಿಚ್ಚನ್ನು ಮಾತ್ರ ಆರಿಸಿ ಕುಳಿತಿದ್ದರು; ಒಂದೇ ಸಿಡಿಲಿಗೆ ಗಣಕವೂ ಆಂಪ್ಲಿಫೈಯರೂ ಕೂಡಿಯೇ ಸುಟ್ಟುವು.

ಎರಡನೆಯದು ತೇವವು. ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುವುದು. ಸುತ್ತಣ ಮನೆಗಳ ಗೋಡೆಯೇ ಆಷಾಢದಲ್ಲಿ ಬೆವರುವುದು. ಆಂಪ್ಲಿಫೈಯರನ್ನು ಹೊರಗೋಡೆಗೆ ತಾಗಿಸಿ ಇಡಬಾರದು. ಮಳೆಗಾಲದಲ್ಲಿ ದಿನಕ್ಕೆ ಸ್ವಲ್ಪ ಹೊತ್ತಾದರೂ ನಡೆಸಿದರೆ ಒಳಗಿನ ಬಿಸಿಯೇ ತೇವವನ್ನು ಅಟ್ಟುವುದು. ನಡೆಯುತ್ತಿರುವಾಗ ಅದರ ಮೇಲೆ ಕಸೂತಿಯ ಬಟ್ಟೆಯನ್ನು ಹೊದಿಸುವ ಗೃಹಾಲಂಕಾರವನ್ನು ಬಿಡಬೇಕು. ಗಾಳಿಯ ಕಂಡಿಗಳು ಮುಚ್ಚಿಹೋಗುವುವು.

ಈ ವಿಚಾರಗಳನ್ನೆಲ್ಲ ತಿಳಿದುಕೊಂಡ ಮೇಲೆ, ಒಂದೊಂದು ಸ್ಪೀಕರಿಗೆ 20 ವಾಟ್ ಕೊಡುವ, ಎರಡು ತಿರುಗುಗುಂಡಿಗಳುಳ್ಳ, ಪಂಚಾಂಗದಷ್ಟು ಅಗಲದ ಒಂದು ಆಂಪ್ಲಿಫೈಯರನ್ನು ತರಿಸಿದೆನು. ಮಿಣುಕುವ ದೀಪವಿಲ್ಲ, ದೊಡ್ಡ ಅಂಕಿಯಿಲ್ಲ. ಜೊತೆಗೆ ಗೇಣಗಲದ ಪರದೆಯುಳ್ಳ ಒಳ್ಳೆಯ ಸ್ಪೀಕರಿನ ಜೋಡಿಯನ್ನೂ ಕೊಂಡೆನು. ನಾನೇ ತಂತಿಗಳನ್ನು ಜೋಡಿಸಿ, ಧೈರ್ಯದಿಂದ ತಾಯಿಯವರನ್ನು ಕರೆದೆನು. ಅವರು ಕೇಳಿ, “ಅಕ್ಷರ ತಿಳಿಯುತ್ತದೆ. ಆದರೆ ದನಿ ಎಲ್ಲಿಂದ ಬರುತ್ತದೆಂದು ಗೊತ್ತಾಗುವುದಿಲ್ಲ, ಹೊಟ್ಟೆಯೂ ಇಲ್ಲ ಅದಕ್ಕೆ” ಎಂದರು. ನನಗೆ ಎದೆಯೊಡೆದಂತಾಯಿತು.

ಆ ವಾರ ಬಂದಿದ್ದ ಅಕ್ಕನ ಮಗನು ಸ್ಪೀಕರಿನ ಹಿಂದೆ ಬಗ್ಗಿ ನೋಡಿ ನಕ್ಕನು. “ಮಾವ, ಎಡಗಡೆಯದಕ್ಕೆ ಕೆಂಪು ತಂತಿ ಕಪ್ಪು ತಿರುಪಿಗೆ ಹೋಗಿದೆ” ಎಂದನು. ಹೀಗಾದಾಗ ಒಂದು ಸ್ಪೀಕರಿನ ಪರದೆ ಮುಂದೆ ಬರುವಾಗ ಇನ್ನೊಂದರದು ಹಿಂದೆ ಹೋಗುವುದು. ಮಂದ್ರವೆಲ್ಲ ಒಂದನ್ನೊಂದು ನುಂಗಿಬಿಡುವುದು. ಸರಿಯಾಗಿ ಜೋಡಿಸಿದ್ದರೆ ಒಬ್ಬನೇ ಓದಿದ ಧ್ವನಿಯು ಎರಡು ಸ್ಪೀಕರುಗಳ ನಟ್ಟನಡುವಿನಿಂದ, ಅಲ್ಲಿ ಯಾರೋ ಕುಳಿತಿರುವಂತೆ, ಬರಬೇಕು. ಯಾವ ಉಪಕರಣವೂ ಇಲ್ಲದೆ ಪ್ರತಿಯೊಬ್ಬರೂ ಮನೆಯಲ್ಲಿ ಮಾಡಬಹುದಾದ ಪರೀಕ್ಷೆಯಿದು. ಎರಡು ಸ್ಪೀಕರುಗಳನ್ನೂ ಕಿವಿಯ ಎತ್ತರದಲ್ಲಿ, ಕೇಳುವವನೊಡನೆ ಸಮಭುಜ ತ್ರಿಕೋಣವಾಗುವಂತೆ ಇಡುವುದನ್ನೂ ಮರೆಯಬಾರದು.

ಹುಡುಗನು ತಂತಿಯನ್ನು ಬದಲಿಸಿ, ಅದೇ ಓದನ್ನು ಮತ್ತೆ ಹಾಕಿದನು. ಒಳಗೆ ಅಡಿಕೆ ಕತ್ತರಿಸುತ್ತ ಕುಳಿತಿದ್ದ ತಾಯಿಯವರು, ಯಾರೂ ಕರೆಯದೆಯೇ ಎದ್ದು ಬಂದು ಬಾಗಿಲ ಬಳಿ ನಿಂತರು. ಓದಿನ ನಡುವೆ ಅಪ್ಪಯ್ಯನು ಒಮ್ಮೆ ಕೆಮ್ಮಿ, ನೀರು ಕುಡಿದು, ಲೋಟವನ್ನು ನೆಲಕ್ಕಿಟ್ಟ ಸದ್ದು ಕೇಳಿಸಿತು. “ಆ ಲೋಟ ನಾನೇ ತಂದಿಟ್ಟದ್ದು” ಎಂದು ಅವರು ಮೆಲ್ಲನೆ ಹೇಳಿ, ಮಣೆಯೆಳೆದುಕೊಂಡು ಕುಳಿತರು. ಆ ಸಂಜೆ ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿಯುವವರೆಗೂ ಏಳಲಿಲ್ಲ.

ವಾಚಕ ಮಹಾಶಯರು ಇದರಿಂದ ತಿಳಿಯಬೇಕಾದುದಿಷ್ಟೆ. ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಂಬದೆ ಅಡಾಪ್ಟರಿನ ಅಂಕಿಗಳನ್ನು ಗುಣಿಸಿ ನೋಡಿರಿ, ಸ್ಪೀಕರಿಗೆ ಹೆಚ್ಚು, ಆಂಪ್ಲಿಫೈಯರಿಗೆ ಮಿತವಾಗಿ ವೆಚ್ಚಮಾಡಿರಿ, ಅರ್ಥಿಂಗನ್ನು ಪರೀಕ್ಷಿಸಿರಿ, ಸಿಡಿಲು ಮೊದಲಾಗುವ ಮುನ್ನವೇ ಪ್ಲಗ್ಗನ್ನು ಕೀಳಿರಿ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ತಂತಿಯನ್ನು ಸೇರಿಸಿರಿ. ಎಲ್ಲಕ್ಕಿಂತ ಮಿಗಿಲಾಗಿ, ಕೊಳ್ಳುವ ಮುನ್ನ ನಿಮಗೆ ಅತ್ಯಂತ ಪರಿಚಿತವಾದ ಒಂದು ಮನುಷ್ಯಧ್ವನಿಯನ್ನು ಅಂಗಡಿಯಲ್ಲಿ ಹಾಕಿಸಿ ಕೇಳಿರಿ. ಆ ಧ್ವನಿಯ ಅಕ್ಷರವು ಅಕ್ಷರವಾಗಿ ಕೇಳಿಸಿದರೆ, ಪೆಟ್ಟಿಗೆಯು ಎಷ್ಟು ಪುಟ್ಟದಾಗಿದ್ದರೂ ಅದೇ ನಿಮ್ಮ ಮನೆಗೆ ತಕ್ಕುದು.